ಎಂಜಿನ್ ಹೋಗಿಲ್ಲ, ತಟ್ಟೆ ಸೀಳಿದೆ: ಮನೆಯ ಗರಾಜಿನಲ್ಲಿ ಫ್ಲೆಕ್ಸ್‌ಪ್ಲೇಟ್ ಬದಲಾಯಿಸುವ ಕೆಲಸ

ಅಕ್ಟೋಬರಿನ ಒಂದು ಬೆಳಿಗ್ಗೆ ನನ್ನ ಹಳೇ ಪಿಕಪ್ ಟ್ರಕ್ ಸ್ಟಾರ್ಟ್ ಆದ ಕೂಡಲೇ ಟಕ್ ಟಕ್ ಟಕ್ ಅನ್ನತೊಡಗಿತು. ಸಣ್ಣ ಸುತ್ತಿಗೆಯಲ್ಲಿ ಯಾರೋ ಕಬ್ಬಿಣದ ಪೈಪಿಗೆ ಬಡಿಯುತ್ತಿದ್ದ ಹಾಗೆ. ಗಾಡಿ ಸುಮ್ಮನೆ ನಿಂತಾಗ ಸದ್ದು ಜೋರು. ಆಕ್ಸಿಲರೇಟರ್ ಒತ್ತಿದರೆ ಕಡಿಮೆ. ಪಾರ್ಕ್‌ನಿಂದ ಡ್ರೈವ್‌ಗೆ ಹಾಕಿದರೆ ಸದ್ದಿನ ಧಾಟಿಯೇ ಬದಲು. ಪಕ್ಕದ ಬೀದಿಯಲ್ಲಿರುವ ಪುತ್ತೂರಿನ ಗೆಳೆಯ ಬಂದು ಬಾನೆಟ್ ಮೇಲೆ ಬಾಗಿ ಕೇಳಿದ. "ಹೋಯ್ತು ಮಾರಾಯ, ರಾಡ್ ಬೇರಿಂಗ್. ಎಂಜಿನ್ ಇಳಿಸ್ಲೇಬೇಕು" ಅಂದ.

ನಾವಿರುವುದು ಡೆಟ್ರಾಯಿಟಿನ ಹೊರವಲಯದಲ್ಲಿ. ಇಲ್ಲಿ ಕಾರಿನ ವಿಷಯಕ್ಕೆ ಬಂದರೆ ಬೀದಿಗಿಬ್ಬರು ಪಂಡಿತರು. ಗೆಳೆಯ ಹೇಳಿದ್ದು ತಪ್ಪಾಗಿತ್ತು, ಆದರೆ ದಡ್ಡತನದ ತಪ್ಪಲ್ಲ. ಫ್ಲೆಕ್ಸ್‌ಪ್ಲೇಟ್ ಸೀಳಿದಾಗ ಬರುವ ಸದ್ದು, ಎಂಜಿನ್ನಿನೊಳಗೆ ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋದಾಗ ಬರುವ ಸದ್ದಿನ ಅವಳಿ ತಮ್ಮನ ಹಾಗಿರುತ್ತದೆ. ಈ ಗೊಂದಲದಲ್ಲಿ ಚೆನ್ನಾಗಿರುವ ಎಂಜಿನ್ನನ್ನೇ ಬಿಚ್ಚಿಸಿದವರಿದ್ದಾರೆ, ಗಾಡಿಯನ್ನೇ ಗುಜರಿಗೆ ಹಾಕಿದವರೂ ಇದ್ದಾರೆ.

ಫ್ಲೆಕ್ಸ್‌ಪ್ಲೇಟ್ ಅಂದರೆ ಏನು ಅಂತ ಕೇಳಿದರೆ, ಕೈಗೆ ತೆಗೆದುಕೊಂಡಾಗ ಅದು ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದಾದ ಉಕ್ಕಿನ ತಟ್ಟೆ, ಅಷ್ಟೇ. ದಪ್ಪ ಸುಮಾರು 3 ಮಿಲಿಮೀಟರ್. ಅಂಚಿನ ಸುತ್ತ ಹಲ್ಲುಗಳ ಬಳೆ, ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್ ಕಚ್ಚಿ ತಿರುಗಿಸುವುದು ಇದನ್ನೇ. ನಡುವೆ ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಗೆ ಕೂರುವ ಬೋಲ್ಟುಗಳ ತೂತುಗಳು. ಅದಕ್ಕಿಂತ ಹೊರಗೆ ಗೇರ್‌ಬಾಕ್ಸ್ ಕಡೆಯ ಬೋಲ್ಟುಗಳಿಗೆ ಇನ್ನೊಂದಿಷ್ಟು ತೂತುಗಳು. ಎಂಜಿನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ನಡುವೆ ಇದು ಸ್ಯಾಂಡ್‌ವಿಚ್ಚಿನ ತರಕಾರಿಯ ಹಾಗೆ ಕೂತಿರುತ್ತದೆ. ಬೆಲೆ ಹೆಚ್ಚಲ್ಲ. ಆದರೆ ಅದನ್ನು ಮುಟ್ಟಬೇಕಾದರೆ ಇಡೀ ಗೇರ್‌ಬಾಕ್ಸ್ ಇಳಿಸಬೇಕು. ನನಗೆ ಗರಾಜಿನವರು ಹೇಳಿದ ಲೆಕ್ಕದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಕೂಲಿಯೇ ಇತ್ತು. ಅದನ್ನು ನೋಡಿಯೇ ಮನೆಯಲ್ಲೇ ಮಾಡೋಣ ಅನ್ನಿಸಿದ್ದು.

ಬಾಗುವುದೇ ಅದರ ಕೆಲಸ

ಮ್ಯಾನ್ಯುವಲ್ ಗೇರಿನ ಕಾರಿನಲ್ಲಿ ಈ ಜಾಗದಲ್ಲಿ ಫ್ಲೈವೀಲ್ ಇರುತ್ತದೆ. ಅದು ಬೀಸುಕಲ್ಲಿನ ಜಾತಿ. ದಪ್ಪ, ಭಾರ. ಕ್ಲಚ್ ಬಂದು ಉಜ್ಜಲು ಅದಕ್ಕೆ ಸಪಾಟಾದ ಮುಖ ಬೇಕು, ಎಂಜಿನ್ನಿನ ಜರ್ಕು ನುಂಗಲು ತೂಕ ಬೇಕು.

ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಬದಲು ಟಾರ್ಕ್ ಕನ್ವರ್ಟರ್ ಇರುತ್ತದೆ. ಅಜ್ಜಿ ಮಜ್ಜಿಗೆ ಕಡೆಯುವುದನ್ನು ನೋಡಿದ್ದೀರಲ್ವಾ? ಕಡಗೋಲು ತಿರುಗಿದರೆ ಮೊಸರು ತಿರುಗುತ್ತದೆ, ಮೊಸರು ತಿರುಗಿದರೆ ಗಡಿಗೆಯೂ ಜೊತೆಗೆ ತಿರುಗಲು ನೋಡುತ್ತದೆ. ಅದಕ್ಕೇ ಗಡಿಗೆಯನ್ನು ಕಾಲಲ್ಲಿ ಅಮುಕಿ ಹಿಡಿಯುವುದು. ಕನ್ವರ್ಟರಿನ ಒಳಗೆ ನಡೆಯುವುದೂ ಇದೇ. ಮುಚ್ಚಿದ ಉಕ್ಕಿನ ಗಡಿಗೆಯ ತುಂಬ ಎಣ್ಣೆ. ಎಂಜಿನ್ ಒಂದು ಕಡೆಯ ರೆಕ್ಕೆಗಳನ್ನು ತಿರುಗಿಸುತ್ತದೆ, ಎಣ್ಣೆ ಇನ್ನೊಂದು ಕಡೆಯ ರೆಕ್ಕೆಗಳನ್ನು ತಳ್ಳುತ್ತದೆ. ಹರ್ಮನ್ ಫೊಟ್ಟಿಂಗರ್ ಎಂಬ ಜರ್ಮನ್ ಎಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಕಾರಿಗೆ ಬರಲು ದಶಕಗಳೇ ಹಿಡಿದವು. ಬ್ಯೂಯಿಕ್ ಕಂಪನಿಯ ಡೈನಾಫ್ಲೋ ಗೇರ್‌ಬಾಕ್ಸ್ 1948ರಲ್ಲಿ ಬಂತು.

ಎಣ್ಣೆ ತುಂಬಿದ ಕನ್ವರ್ಟರ್ ತಾನೇ ಭಾರವಾಗಿರುವುದರಿಂದ ಫ್ಲೈವೀಲಿನ ತೂಕದ ಕೆಲಸವನ್ನು ಅದೇ ಮಾಡಿಬಿಡುತ್ತದೆ. ಹಾಗಾಗಿ ನಡುವೆ ಬೇಕಾದದ್ದು ತಿರುಗುವ ಬಲವನ್ನು ದಾಟಿಸುವ ಒಂದು ತಟ್ಟೆ ಮಾತ್ರ. ಅದು ಗಟ್ಟಿ ಇದ್ದರೆ ಆಗುವುದಿಲ್ಲ, ತೆಳುವೇ ಇರಬೇಕು. ಯಾಕೆ ಅಂದರೆ ಓಡುವಾಗ ಎಣ್ಣೆಯ ಒತ್ತಡಕ್ಕೂ ಬಿಸಿಗೂ ಕನ್ವರ್ಟರ್ ಒಂದಿಷ್ಟು ಉಬ್ಬುತ್ತದೆ, ಮುಂದಕ್ಕೆ ತಳ್ಳುತ್ತದೆ. ಕೂದಲೆಳೆಯಷ್ಟು ಇರಬಹುದು, ಆದರೆ ತಳ್ಳುತ್ತದೆ. ಮಧ್ಯೆ ಬಗ್ಗದ ಗಟ್ಟಿ ಚಕ್ರ ಇದ್ದರೆ ಆ ತಳ್ಳು ನೇರವಾಗಿ ಕ್ರ್ಯಾಂಕ್ ಮುಂದೆ ಹಿಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗಿಗೆ, ಇತ್ತ ಗೇರ್‌ಬಾಕ್ಸಿನ ಎಣ್ಣೆ ಪಂಪಿಗೆ ಬೀಳುತ್ತಿತ್ತು. ಡಬ್ಬದ ಮುಚ್ಚಳ ಒತ್ತಿದರೆ ಒಳಗೆ ಬಾಗಿ ಮತ್ತೆ ಮೇಲೇಳುತ್ತದಲ್ಲ, ಫ್ಲೆಕ್ಸ್‌ಪ್ಲೇಟ್ ಹಾಗೆ ಬಾಗಿ ಆ ತಳ್ಳನ್ನು ತಾನು ನುಂಗುತ್ತದೆ. ಹೆಸರಿನಲ್ಲೇ ಅದು ಇದೆ.

ಹಾಗಾದರೆ ಬಾಗಲೆಂದೇ ಮಾಡಿದ ತಟ್ಟೆ ಒಡೆಯುವುದೇಕೆ? ಚಿಕ್ಕವರಿದ್ದಾಗ ಬೈಂಡಿಂಗ್ ವೈರನ್ನು ಅತ್ತ ಇತ್ತ ಬಗ್ಗಿಸಿ ಬಗ್ಗಿಸಿ ತುಂಡು ಮಾಡಿದ್ದೀರಿ. ಸ್ವಲ್ಪವೇ ಬಗ್ಗಿಸಿದರೆ ಎಷ್ಟು ಸಲವಾದರೂ ತಡೆಯುತ್ತದೆ. ಜಾಸ್ತಿ ಬಗ್ಗಿಸಿದರೆ ಹತ್ತೇ ಸಲಕ್ಕೆ ಕಡಿಯುತ್ತದೆ. ಕನ್ವರ್ಟರಿನ ಉಬ್ಬುವಿಕೆಯಿಂದ ಆಗುವ ಬಾಗು ನಿಧಾನದ್ದು, ಸಣ್ಣದು. ಅದರಿಂದ ತಟ್ಟೆ ಒಡೆಯುವುದು ಅಪರೂಪ. ಆದರೆ ಎಂಜಿನ್ನಿನ ನಡುಗೆರೆಗೂ ಗೇರ್‌ಬಾಕ್ಸಿನ ನಡುಗೆರೆಗೂ ಒಂದು ಕೂದಲೆಳೆ ವ್ಯತ್ಯಾಸ ಬಂತು ಅಂದುಕೊಳ್ಳಿ. ಆಗ ತಟ್ಟೆ ಪ್ರತಿ ಸುತ್ತಿಗೂ ಒಂದು ಸಲ ಅತ್ತ ಇತ್ತ ಬಾಗುತ್ತದೆ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ ಗಂಟೆಗೆ 1,20,000 ಸಲ. ಡೆಟ್ರಾಯಿಟಿನಿಂದ ಷಿಕಾಗೋಗೆ ಹೋಗಿ ಬರುವಷ್ಟರಲ್ಲಿ ಹತ್ತು ಲಕ್ಷದ ಹತ್ತಿರ. ಯಾವ ಉಕ್ಕು ತಡೆದೀತು?

ಆದ್ದರಿಂದ ನನ್ನ ಮಟ್ಟಿಗೆ ಈ ಕೆಲಸದಲ್ಲಿ ತಟ್ಟೆ ಬದಲಾಯಿಸುವುದು ಅರ್ಧ ಭಾಗ ಮಾತ್ರ. ಅದನ್ನು ಅಷ್ಟು ಬಗ್ಗಿಸಿದ್ದು ಯಾರು ಅಂತ ಕಂಡುಹಿಡಿಯುವುದು ಇನ್ನರ್ಧ. ಅದನ್ನು ಬಿಟ್ಟರೆ ಹೊಸ ತಟ್ಟೆಯೂ ವರ್ಷದೊಳಗೆ ಅದೇ ಹಾಡು ಹಾಡುತ್ತದೆ.

ನಿಮ್ಮ ಕಾರಿನಲ್ಲಿ ಇದೆಯಾ?

ಊರಿನಲ್ಲಿ ಅಣ್ಣನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ, "ನಮ್ದೂ ಆಟೋಮ್ಯಾಟಿಕ್ಕೇ ಕಣೋ, ಒಡೆದು ಹೋಗುತ್ತಾ?" ಅಂದ. ಎಲ್ಲ ಆಟೋಮ್ಯಾಟಿಕ್‌ನಲ್ಲೂ ಫ್ಲೆಕ್ಸ್‌ಪ್ಲೇಟ್ ಇರುವುದಿಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಭಾರತಕ್ಕೆ ಬಂದ ಎಎಂಟಿ ಇದೆಯಲ್ಲ, ಅದು ನಿಜಕ್ಕೂ ಮ್ಯಾನ್ಯುವಲ್ ಗೇರ್‌ಬಾಕ್ಸೇ. ಕ್ಲಚ್ಚನ್ನು ನಮ್ಮ ಕಾಲಿನ ಬದಲು ಯಂತ್ರ ಒತ್ತುತ್ತದೆ ಅಷ್ಟೇ. ಅದರಲ್ಲಿರುವುದು ಫ್ಲೈವೀಲ್. ಎರಡು ಕ್ಲಚ್ಚಿನ ಡಿಸಿಟಿಯದ್ದೂ ಬೇರೆ ಸಂಸಾರ. ಟಾರ್ಕ್ ಕನ್ವರ್ಟರ್ ಇರುವ ಕಾರಿನಲ್ಲಿ ಮಾತ್ರ ಈ ತಟ್ಟೆ. ಬಿಡದಿಯಲ್ಲಿ ತಯಾರಾಗಿ 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ ಆಟೋಮ್ಯಾಟಿಕ್, ಕ್ರೆಟಾ ಡೀಸೆಲ್ ಆಟೋಮ್ಯಾಟಿಕ್, ಇವೆಲ್ಲ ಕನ್ವರ್ಟರ್ ಜಾತಿ. ಅಣ್ಣನದು ಎಎಂಟಿ. ನಿಶ್ಚಿಂತೆಯಿಂದ ಫೋನ್ ಇಟ್ಟ.

ಸದ್ದು ಎಲ್ಲಿಯದು

ಒಂದು ಪಾನಾ ಹಿಡಿಯುವ ಮೊದಲು ಸದ್ದಿನ ಮೂಲ ಗೊತ್ತಾಗಬೇಕು. ಇದಕ್ಕೆ ಒಂದು ಸಂಜೆ ಪೂರ್ತಿ ಕೊಟ್ಟರೂ ನಷ್ಟವಿಲ್ಲ.

ಮೊದಲು ಎಂಜಿನ್ ಆಯಿಲ್ಲಿನ ಮಟ್ಟ ಮತ್ತು ಒತ್ತಡ ನೋಡಿ. ಒತ್ತಡ ಕಡಿಮೆ ಇದ್ದರೆ ಗಾಡಿ ಓಡಿಸುವುದನ್ನು ಅಲ್ಲೇ ನಿಲ್ಲಿಸಿ, ಬೇರಿಂಗ್ ಸಂಶಯ ಗಟ್ಟಿಯಾಗುತ್ತದೆ. ಹಳೇ ಆಯಿಲ್ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದದ ಮಡಿಕೆ ಬಿಡಿಸಿದರೆ ಲೋಹದ ಚೂರು ಮಿನುಗುತ್ತದೋ ಇಲ್ಲವೋ ಕಾಣುತ್ತದೆ. ನನ್ನದರಲ್ಲಿ ಏನೂ ಇರಲಿಲ್ಲ.

ಆಮೇಲೆ ಎಂಜಿನ್ ಓಡುತ್ತಿರುವಾಗ ಒಂದೊಂದೇ ಸಿಲಿಂಡರಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರಿನ ವೈರನ್ನು ಕಳಚಿ, ಮತ್ತೆ ಹಾಕಿ. ರಾಡ್ ಬೇರಿಂಗ್ ಹೋಗಿದ್ದರೆ ಆ ಸಿಲಿಂಡರಿನ ಕೆಲಸ ನಿಲ್ಲಿಸಿದಾಗ ಸದ್ದು ಸಾಮಾನ್ಯವಾಗಿ ಇಳಿಯುತ್ತದೆ, ಏಕೆಂದರೆ ಆ ರಾಡಿನ ಮೇಲೆ ಬೀಳುವ ಹೊಡೆತ ಇಲ್ಲವಾಗುತ್ತದೆ. ತಟ್ಟೆಗೆ ಯಾವ ಸಿಲಿಂಡರ್ ಉರಿಯುತ್ತಿದೆ ಅನ್ನುವುದರ ಗೊಡವೆ ಅಷ್ಟಿಲ್ಲ. ಯಾವುದನ್ನು ಕಳಚಿದರೂ ಟಕ್ ಟಕ್ ಇದ್ದೇ ಇರುತ್ತದೆ.

ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಇನ್ನೊಂದು ತುದಿಯನ್ನು ಎಂಜಿನ್ನಿನ ಬೇರೆ ಬೇರೆ ಕಡೆ ತಾಗಿಸುವುದು ಮೇಸ್ತ್ರಿಗಳ ಹಳೇ ಉಪಾಯ. ಬೆಲ್ಟು, ಫ್ಯಾನು, ಬಿಸಿ ಪೈಪುಗಳ ಹತ್ತಿರ ಹೋಗಬೇಡಿ ಅಷ್ಟೇ. ನನ್ನ ಗಾಡಿಯಲ್ಲಿ ಮುಂದಿನಿಂದ ಹಿಂದಕ್ಕೆ ಬಂದ ಹಾಗೆ ಸದ್ದು ಜೋರಾಗುತ್ತಾ ಹೋಗಿ, ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಗಂಟೆಯಾಕಾರದ ಬೆಲ್ ಹೌಸಿಂಗ್‌ನಲ್ಲಿ ಕಿವಿಗೆ ಹೊಡೆದ ಹಾಗೆ ಕೇಳಿತು. ಪುತ್ತೂರಿನವನಿಗೂ ಕೇಳಿಸಿದೆ. "ಹೌದಲ್ಲ ಮಾರಾಯ" ಅಂದು ತಕ್ಷಣ ಪಕ್ಷ ಬದಲಾಯಿಸಿದ.

ಎಂಜಿನ್ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ತೆಗೆದು, ಗಾಡಿಯನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಿ ಬೆಲ್ ಹೌಸಿಂಗ್ ಕೆಳಗಿನ ತಗಡಿನ ಮುಚ್ಚಳ ಬಿಚ್ಚಿದರೆ ತಟ್ಟೆಯ ಕೆಳಭಾಗ ಕಾಣುತ್ತದೆ. ಇಲ್ಲಿ ಮೊದಲು ಮಾಡಬೇಕಾದದ್ದು ಕನ್ವರ್ಟರ್ ಬೋಲ್ಟುಗಳು ಬಿಗಿಯಾಗಿವೆಯಾ ಅಂತ ನೋಡುವುದು. ಸಡಿಲ ಬೋಲ್ಟೂ ಇದೇ ಸದ್ದು ಮಾಡುತ್ತದೆ. ಅದೇ ಆಗಿದ್ದರೆ, ತೂತು ಸವೆದಿಲ್ಲದಿದ್ದರೆ, ನಿಮ್ಮ ಕೆಲಸ ಅರ್ಧ ಗಂಟೆಗೆ ಮುಗಿಯಿತು. ಬಿಗಿಯಾಗಿದ್ದರೆ ಎಂಜಿನ್ನಿನ ಮುಂದಿನ ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ, ಗೇರು ನ್ಯೂಟ್ರಲ್‌ನಲ್ಲಿಟ್ಟು, ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾ ಟಾರ್ಚ್ ಹಿಡಿದು ನೋಡಿ. ಸೀಳು ಹೆಚ್ಚಾಗಿ ಹುಟ್ಟುವುದು ನಡುವಿನ ಬೋಲ್ಟುಗಳ ಸುತ್ತ. ಆ ಜಾಗವನ್ನು ಕನ್ವರ್ಟರ್ ಮರೆಮಾಡಿರುತ್ತದೆ. ಫೋನಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಇದ್ದರೆ ಒಳ್ಳೆಯದು. ನನಗೆ ಕಂಡದ್ದು ಸೀಳಲ್ಲ, ತುಕ್ಕಿನ ಪುಡಿ. ಉಕ್ಕು ಉಕ್ಕಿಗೆ ಉಜ್ಜಿದಾಗ ಬರುವ ಕೆಂಪು ಧೂಳು, ನಡುವಿನಿಂದ ಹೊರಕ್ಕೆ ಗೆರೆ ಗೆರೆಯಾಗಿ ಹರಡಿತ್ತು. ಕುಂಕುಮದ ಭರಣಿ ಬಿದ್ದ ಹಾಗೆ. ಅಷ್ಟು ಸಾಕಾಯಿತು.

ಮನೆಯಲ್ಲಿ ಮಾಡಬಹುದಾ?

ಹಿಂದಿನ ಚಕ್ರ ಓಡುವ ಟ್ರಕ್ಕು, ಹಳೇ ಎಸ್‌ಯುವಿ ಆದರೆ ಮಾಡಬಹುದು. ಇಬ್ಬರು ಬೇಕು, ಎರಡು ದಿನ ಬೇಕು. ಮುಂದಿನ ಚಕ್ರ ಓಡುವ ಕಾರಾದರೆ ನಾನು ಬೇಡ ಅನ್ನುತ್ತೇನೆ. ಅದರಲ್ಲಿ ಎರಡೂ ಆಕ್ಸಲ್ ಎಳೆಯಬೇಕು, ಎಷ್ಟೋ ಕಾರುಗಳಲ್ಲಿ ಎಂಜಿನ್ನನ್ನು ಮೇಲಿನಿಂದ ತೂಗುಹಾಕಿ ಕೆಳಗಿನ ಚೌಕಟ್ಟಾದ ಸಬ್‌ಫ್ರೇಮನ್ನೇ ಇಳಿಸಬೇಕು. ಲಿಫ್ಟ್ ಇಲ್ಲದೆ ಅದು ಹಿಂಸೆ. ಬೆಂಗಳೂರಿನ ಮನೆಯ ಪೋರ್ಟಿಕೋದಲ್ಲಂತೂ ಯೋಚನೆಯನ್ನೂ ಮಾಡಬೇಡಿ. ಅಲ್ಲಿ ಒಳ್ಳೆಯ ಮೆಕ್ಯಾನಿಕ್‌ನ ಕೂಲಿ ಇಲ್ಲಿನ ಹಾಗೆ ಕಣ್ಣು ಕುಕ್ಕುವುದಿಲ್ಲ.

ಸಮತಟ್ಟಾದ ಕಾಂಕ್ರೀಟ್ ನೆಲ ಬೇಕೇ ಬೇಕು. ನಾಲ್ಕು ಗಟ್ಟಿ ಸ್ಟ್ಯಾಂಡುಗಳ ಮೇಲೆ ಗಾಡಿ ಕೂತಿರಬೇಕು. ಜಾಕ್ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಕೆಳಗೆ ನುಗ್ಗುವ ಮುಂಚೆ ಗಾಡಿಯನ್ನು ಪಕ್ಕದಿಂದ ಜೋರಾಗಿ ಅಲುಗಾಡಿಸಿ. ಅಲುಗುವುದಿದ್ದರೆ ನೀವು ಹೊರಗಿರುವಾಗಲೇ ಅಲುಗಲಿ. ಗೇರ್‌ಬಾಕ್ಸ್ ಜಾಕ್ ಒಂದನ್ನು ದಿನದ ಬಾಡಿಗೆಗೆ ತನ್ನಿ. ಹಳೇ ನಾಲ್ಕು ಗೇರಿನ ಪೆಟ್ಟಿಗೆ ಎಣ್ಣೆ ಇಳಿಸಿದ ಮೇಲೂ 70 ಕಿಲೋದ ಆಸುಪಾಸು ತೂಗುತ್ತದೆ. ಅದನ್ನು ಎದೆಯ ಮೇಲೆ ಇಳಿಸಿಕೊಂಡೆ ಅಂತ ಜಂಭ ಕೊಚ್ಚುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ.

ಇಳಿಸುವಾಗ

ಗೇರ್‌ಬಾಕ್ಸಿನ ಎಣ್ಣೆ ಇಳಿಸುವುದು, ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಗುರುತು ಹಾಕಿ ತೆಗೆಯುವುದು, ಅಡ್ಡಬರುವ ಸೈಲೆನ್ಸರ್ ಪೈಪ್ ಬಿಚ್ಚುವುದು, ವೈರಿನ ಸಾಕೆಟ್ಟುಗಳು, ಗೇರ್ ಕೇಬಲ್, ಕೂಲರಿಗೆ ಹೋಗುವ ಪೈಪುಗಳು, ಸೆಲ್ಫ್ ಮೋಟರ್. ಫೋರ್ ವೀಲ್ ಡ್ರೈವ್ ಆದರೆ ಮುಂದೆ ಹಿಂದೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸನ್ನು ಮೊದಲೇ ಬೇರೆಯಾಗಿ ಇಳಿಸಿ. ಇದೆಲ್ಲ ತಾಳ್ಮೆಯ ಕೆಲಸವೇ ಹೊರತು ಕಷ್ಟದ್ದಲ್ಲ. ಬಿಚ್ಚುವ ಮುಂಚೆ ಪ್ರತಿಯೊಂದರ ಫೋಟೋ ತೆಗೆಯಿರಿ. ಬೋಲ್ಟುಗಳನ್ನು ರಟ್ಟಿನ ಮೇಲೆ ಚಿತ್ರ ಬರೆದು ಅದದೇ ಜಾಗದಲ್ಲಿ ಚುಚ್ಚಿಡಿ. ಬೆಲ್ ಹೌಸಿಂಗಿನ ಬೋಲ್ಟುಗಳು ಒಂದೇ ಉದ್ದ ಇರುವುದಿಲ್ಲ.

ಇಲ್ಲಿನ ದೊಡ್ಡ ಶತ್ರು ತುಕ್ಕು. ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುವ ಊರು ಇದು. ಸೈಲೆನ್ಸರಿನ ಬೋಲ್ಟುಗಳಿಗೆ ಎರಡು ದಿನ ಮುಂಚಿನಿಂದ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬಂದಿದ್ದೆ. ಆದರೂ ನಾಲ್ಕರಲ್ಲಿ ಒಂದು ಮುರಿಯಿತು.

ಕನ್ವರ್ಟರ್ ಬೋಲ್ಟುಗಳನ್ನು ಕೆಳಗಿನ ಕಿಂಡಿಯಿಂದ ಒಂದೊಂದಾಗಿ ತೆಗೆಯಬೇಕು. ಒಂದು ತೆಗೆದು, ಕ್ರ್ಯಾಂಕ್ ತಿರುಗಿಸಿ, ಮುಂದಿನದು ಕಿಂಡಿಗೆ ಬಂದಾಗ ಅದನ್ನು ತೆಗೆದು. ನನ್ನದರಲ್ಲಿ ಮೂರು ಇದ್ದವು, ಕೆಲವದರಲ್ಲಿ ನಾಲ್ಕು, ಆರು ಇರುತ್ತವೆ. ಎಲ್ಲ ತೆಗೆದ ಮೇಲೆ ಕನ್ವರ್ಟರನ್ನು ಕೈಯಿಂದ ಹಿಂದಕ್ಕೆ ತಳ್ಳಿ. ಅದು ತಟ್ಟೆ ಬಿಟ್ಟು ಸರಿಯಬೇಕು. ಗೇರ್‌ಬಾಕ್ಸ್ ಹಿಂದಕ್ಕೆ ಬರುವಾಗ ಕನ್ವರ್ಟರ್ ಅದರ ಜೊತೆಗೇ ಬರಬೇಕು. ಎಂಜಿನ್ ಕಡೆ ಅಂಟಿಕೊಂಡು ಉಳಿದರೆ ಅದರ ಭಾರವೆಲ್ಲ ಪಂಪು, ಸೀಲುಗಳ ಮೇಲೆ ಬೀಳುತ್ತದೆ. ಜಾರಿ ಬಿದ್ದರೆ ಎಣ್ಣೆ ತುಂಬಿದ ಉಕ್ಕಿನ ಗಡಿಗೆ ನಿಮ್ಮ ಕಾಲ ಮೇಲೆ. ಎರಡೂ ಬಿಟ್ಟುಕೊಂಡ ಕೂಡಲೇ ಬೆಲ್ ಹೌಸಿಂಗಿಗೆ ಅಡ್ಡಲಾಗಿ ಒಂದು ಪಟ್ಟಿ ಬಿಗಿದು ಕನ್ವರ್ಟರ್ ಹೊರಗೆ ಬಾರದಂತೆ ಕಟ್ಟಿಬಿಡಿ.

ಒಡೆದ ತಟ್ಟೆ ಹೇಳುವ ಕತೆ

ತಟ್ಟೆ ಕೈಗೆ ಬಂತು. ನಡುವಿನ ಬೋಲ್ಟುಗಳ ಸುತ್ತ ಮುಕ್ಕಾಲು ವೃತ್ತ ಸೀಳು. ಕೈಯಲ್ಲಿ ಹಿಡಿದು ಅಲುಗಿಸಿದರೆ ಅದೇ ಟಕ್ ಟಕ್. ಪುತ್ತೂರಿನವನು ಅದನ್ನು ಜಾಗಟೆಯ ಹಾಗೆ ಬಾರಿಸಿಯೂ ನೋಡಿದ.

ಹೊಸದನ್ನು ಹಾಕುವ ಆತುರ ಇಲ್ಲೇ ಬರುವುದು. ತಡೆದುಕೊಳ್ಳಿ. ಸೀಳು ನಡುವಿನ ಬೋಲ್ಟುಗಳ ಸುತ್ತ ಇದ್ದರೆ ನಡುಗೆರೆ ತಪ್ಪಿದೆಯಾ ಅಂತ ಅನುಮಾನಿಸಿ. ಹೊರಗಿನ ಕನ್ವರ್ಟರ್ ತೂತುಗಳಲ್ಲಿ ಸೀಳು, ತೂತು ಮೊಟ್ಟೆಯಾಕಾರಕ್ಕೆ ಸವೆದಿರುವುದು ಕಂಡರೆ ಬೋಲ್ಟು ಸಡಿಲವಿತ್ತು. ಒಂದೇ ಕಡೆಯ ಹಲ್ಲುಗಳು ತಿಂದುಹೋಗಿದ್ದರೆ ಸೆಲ್ಫ್ ಮೋಟರನ್ನು ನೋಡಿ. ಕ್ರ್ಯಾಂಕಿನ ಮುಖದ ಮೇಲೆ ಪೇಂಟು, ತುಕ್ಕಿನ ಚಕ್ಕೆ, ಎದ್ದ ಅಂಚು ಇದ್ದರೆ ತಟ್ಟೆ ಓರೆಯಾಗಿ ಕೂತಿರುತ್ತದೆ.

ನನ್ನದರಲ್ಲಿ ಕ್ರ್ಯಾಂಕಿನ ಮುಖ ಸರಿ ಇತ್ತು. ಗೇರ್‌ಬಾಕ್ಸಿನ ಮುಂದಿನ ಸೀಲಿನಿಂದ ಎಣ್ಣೆ ಜಿನುಗಿದ ಗುರುತು ಮಾತ್ರ ಇತ್ತು. ಅದೇ ಸುಳಿವಾಯಿತು. ಕನ್ವರ್ಟರ್ ಓಲಾಡದೆ ಆ ಸೀಲು ಹಾಗೆ ಹೋಗುವುದಿಲ್ಲ. ಎಂಜಿನ್ನಿನ ಹಿಂಬದಿಗೆ ಟಾರ್ಚ್ ಬಿಟ್ಟೆ. ಎಡಗಡೆ ಬೆರಳಿನ ಗಾತ್ರದ ಒಂದು ಉಕ್ಕಿನ ಗೂಟ ಎದ್ದು ನಿಂತಿತ್ತು. ಬಲಗಡೆ ಖಾಲಿ ತೂತು.

ಆ ಗೂಟಕ್ಕೆ ಡವೆಲ್ ಪಿನ್ ಅನ್ನುತ್ತಾರೆ. ಎಂಜಿನ್ನಿನ ಹಿಂದೆ ಎರಡು ಇರುತ್ತವೆ. ಗೇರ್‌ಬಾಕ್ಸನ್ನು ಸರಿಯಾದ ಜಾಗದಲ್ಲಿ ಕೂರಿಸುವುದು ಬೋಲ್ಟುಗಳು ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಬೋಲ್ಟಿನ ತೂತು ಬೋಲ್ಟಿಗಿಂತ ಸ್ವಲ್ಪ ದೊಡ್ಡದಿರುತ್ತದೆ, ಇಲ್ಲದಿದ್ದರೆ ಬೋಲ್ಟು ಒಳಗೇ ಹೋಗುವುದಿಲ್ಲ. ಬೋಲ್ಟು ಬರೀ ಅಮುಕಿ ಹಿಡಿಯುತ್ತದೆ. ಜಾಗ ನಿರ್ಧರಿಸುವುದು ಈ ಎರಡು ಪಿನ್ನುಗಳು. ಒಂದು ಇಲ್ಲದಿದ್ದರೆ ಗೇರ್‌ಬಾಕ್ಸ್ ಇನ್ನೊಂದರ ಸುತ್ತ ಬಾಗಿಲು ಕೀಲಿನ ಮೇಲೆ ಸರಿದ ಹಾಗೆ ಎಳ್ಳಷ್ಟು ಸರಿದುಬಿಡುತ್ತದೆ. ಆಮೇಲೆ ಗಂಟೆಗೆ 1,20,000 ಸಲದ ಲೆಕ್ಕ ಶುರು.

ಕೆಲವು ವರ್ಷದ ಹಿಂದೆ ಈ ಗಾಡಿಯ ಗೇರ್‌ಬಾಕ್ಸನ್ನು ಒಂದು ಕಡೆ ರಿಪೇರಿ ಮಾಡಿಸಿದ್ದೆ. ಎಲ್ಲಿ ಅಂತ ಹೇಳಿ ಈಗ ಪ್ರಯೋಜನವಿಲ್ಲ. ಪಿನ್ ಅಲ್ಲೇ ಎಲ್ಲೋ ಉದುರಿರಬೇಕು. ಹೊಸ ಪಿನ್ನಿನ ಬೆಲೆ ಒಂದು ಕಾಫಿಗಿಂತ ಕಡಿಮೆ.

ತಟ್ಟೆ ತಟ್ಟೆಗೂ ವ್ಯತ್ಯಾಸ

ಹೊಸ ತಟ್ಟೆಯನ್ನು ಹಳೆಯದರ ಮೇಲೆ ಇಟ್ಟು ನೋಡದೆ ಅಂಗಡಿಯಿಂದ ಹೊರಡಬೇಡಿ. ನೋಡಲು ಎಲ್ಲ ಒಂದೇ ಥರ. ಷೆವ್ರೊಲೆಯ ಹಳೇ ಸ್ಮಾಲ್ ಬ್ಲಾಕ್ ವಿ8 ಎಂಜಿನ್ನಿಗೇ ಎರಡು ಅಳತೆಯ ತಟ್ಟೆಗಳಿವೆ. 12¾ ಇಂಚಿನದಕ್ಕೆ 153 ಹಲ್ಲು, 14 ಇಂಚಿನದಕ್ಕೆ 168 ಹಲ್ಲು. ತಪ್ಪಾದದ್ದು ಹಾಕಿದರೆ ಸೆಲ್ಫ್ ಮೋಟರಿನ ಹಲ್ಲು ಇದರ ಹಲ್ಲಿಗೆ ಸರಿಯಾಗಿ ಕೂರುವುದಿಲ್ಲ.

ಅದಕ್ಕಿಂತ ಅಪಾಯದ್ದು ಬ್ಯಾಲೆನ್ಸ್ ವ್ಯತ್ಯಾಸ. ಕೆಲವು ಎಂಜಿನ್ನುಗಳಲ್ಲಿ ತಟ್ಟೆಯ ಒಂದು ಪಕ್ಕ ಉಕ್ಕಿನ ತುಂಡೊಂದನ್ನು ಬೆಸುಗೆ ಹಾಕಿರುತ್ತಾರೆ. ನೋಡಿದರೆ ಯಾರೋ ಸುಮ್ನೆ ಅಂಟಿಸಿದ ಹಾಗೆ ಕಾಣುತ್ತದೆ. ಅದು ಕ್ರ್ಯಾಂಕಿನ ತೂಕ ಸರಿದೂಗಿಸುವ ಭಾರ. ಅದೇ ಷೆವ್ರೊಲೆ ಎಂಜಿನ್ನಿನಲ್ಲಿ 1986ರಿಂದ ಹಿಂದಿನ ಸೀಲು ಒಂದೇ ತುಂಡಿನದಾಯಿತು, ಕ್ರ್ಯಾಂಕಿನ ಹಿಂದಿನ ಮುಖ ಬದಲಾಯಿತು, ಹಿಂಬದಿಯ ಭಾರ ತಟ್ಟೆಗೆ ಬಂತು. ಫೋರ್ಡಿನ 302 ವಿ8 ಹಳೆಯದಕ್ಕೆ 28 ಔನ್ಸ್ ಬ್ಯಾಲೆನ್ಸಿನ ತಟ್ಟೆ, 1980ರ ದಶಕದ ಆರಂಭದ ನಂತರದ್ದಕ್ಕೆ 50 ಔನ್ಸಿನದು. ಅದಲು ಬದಲಾದರೆ ಎಂಜಿನ್ ಚಳಿಜ್ವರ ಬಂದವರ ಹಾಗೆ ನಡುಗುತ್ತದೆ. ಬೇರಿಂಗುಗಳಿಗೂ ಪೆಟ್ಟು, ಹೊಸ ತಟ್ಟೆಗೂ ಪೆಟ್ಟು.

ಮೂರನೆಯದು ಕಣ್ಣಿಗೆ ಬೀಳುವುದೇ ಇಲ್ಲ. ಕೆಲವು ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಎಲ್ಲಿದೆ ಎಂದು ಕಂಪ್ಯೂಟರಿಗೆ ಹೇಳುವ ಸೆನ್ಸರ್ ಈ ತಟ್ಟೆಯ ಅಂಚಿನ ಗೀರುಗಳನ್ನೇ ಓದುತ್ತದೆ. ಜೀಪ್ ಚೆರೋಕಿಯ 4 ಲೀಟರಿನ ಆರು ಸಿಲಿಂಡರ್ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. 1990ರವರೆಗಿನ ಗೀರುಗಳ ಲೆಕ್ಕ ಬೇರೆ, 1991ರ ನಂತರದ್ದು ಬೇರೆ. ಹೊಸದರಲ್ಲಿ ನಾಲ್ಕು ನಾಲ್ಕರಂತೆ ಮೂರು ಗುಂಪು. ಬೇರೆ ವರ್ಷದ ತಟ್ಟೆ ಬೋಲ್ಟಿಗೆ ಸರಿಹೊಂದಬಹುದು, ಹಲ್ಲೂ ಸರಿಹೊಂದಬಹುದು. ಆದರೆ ಎಲ್ಲ ಕಟ್ಟಿ ಮುಗಿಸಿ ಕೀ ತಿರುಗಿಸಿದರೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಮತ್ತೆ ಎಲ್ಲ ಇಳಿಸಬೇಕು. ನೆನೆಸಿಕೊಂಡರೇ ಬೆನ್ನು ನೋಯುತ್ತದೆ.

ಕೂರಿಸುವಾಗ

ಕ್ರ್ಯಾಂಕಿನ ಮುಖವನ್ನು ಚೊಕ್ಕಟ ಮಾಡಿ. ಇಷ್ಟು ಬಿಚ್ಚಿದ ಮೇಲೆ ಕ್ರ್ಯಾಂಕಿನ ಹಿಂದಿನ ಸೀಲು ಜಿನುಗುತ್ತಿದೆಯಾ ನೋಡಿ, ಒಂದೇ ತುಂಡಿನ ಸೀಲಾದರೆ ಈಗಲೇ ಬದಲಾಯಿಸುವುದು ಜಾಣತನ. ಗೇರ್‌ಬಾಕ್ಸಿನ ಮುಂದಿನ ಸೀಲನ್ನೂ ಅಷ್ಟೇ. ಅದಕ್ಕೆ ಕನ್ವರ್ಟರ್ ಹೊರಗೆಳೆಯಬೇಕು, ಕೆಳಗೆ ಟ್ರೇ ಇಡಿ, ಎಣ್ಣೆ ಧಾರಾಳವಾಗಿ ಸುರಿಯುತ್ತದೆ.

ತಟ್ಟೆಗೆ ಮುಂದೆ ಹಿಂದೆ ಇದೆ. ಹಲವು ಎಂಜಿನ್ನುಗಳಲ್ಲಿ ಒಂದು ಬೋಲ್ಟ್ ತೂತು ಬೇಕೆಂದೇ ಸ್ವಲ್ಪ ಆಚೆ ಇರುತ್ತದೆ, ಒಂದೇ ರೀತಿಯಲ್ಲಿ ಮಾತ್ರ ಎಲ್ಲ ತೂತುಗಳೂ ಕೂಡುತ್ತವೆ. ಕೂಡದಿದ್ದರೆ ತಿರುಗಿಸಿ ನೋಡಿ, ಸುತ್ತಿಗೆ ತರಬೇಡಿ. ಕ್ರ್ಯಾಂಕ್ ಬೋಲ್ಟುಗಳು ಹೊಸದಾಗಿರಲಿ. ಕೆಲವು ಕಂಪನಿಗಳ ಬೋಲ್ಟು ಒಮ್ಮೆ ಬಿಗಿದಾಗ ಹಿಗ್ಗಿಬಿಡುವಂಥದ್ದು, ಮತ್ತೆ ಹಾಕಬಾರದು. ಥ್ರೆಡ್ಡಿಗೆ ಲಾಕ್ ಮಾಡುವ ಅಂಟು, ಇಲ್ಲವೇ ತೂತು ಎಂಜಿನ್ ಆಯಿಲ್ ಇರುವ ಕಡೆಗೆ ತೆರೆದಿದ್ದರೆ ಎಣ್ಣೆ ತಡೆಯುವ ಸೀಲೆಂಟ್, ಯಾವುದು ಬೇಕು ಅಂತ ಆ ಎಂಜಿನ್ನಿನ ಪುಸ್ತಕದಲ್ಲಿರುತ್ತದೆ. ಎಷ್ಟು ಬಲದಲ್ಲಿ ಬಿಗಿಯಬೇಕು ಅನ್ನುವ ಟಾರ್ಕ್ ಲೆಕ್ಕವನ್ನೂ ಅಲ್ಲಿಂದಲೇ ತೆಗೆದುಕೊಳ್ಳಿ, ಗೆಳೆಯರ ಬಾಯಿಯಿಂದಲ್ಲ. ಎದುರುಬದುರು ಬೋಲ್ಟುಗಳನ್ನು ಎರಡು ಮೂರು ಹಂತದಲ್ಲಿ ಬಿಗಿಯಿರಿ. ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸ ಶುರು ಮಾಡಲೇಬೇಡಿ.

ಎರಡೂ ಡವೆಲ್ ಪಿನ್ ಕೂತಿವೆಯಾ? ಇನ್ನೊಮ್ಮೆ ನೋಡಿ.

ಮನೆಯಲ್ಲಿ ಮಾಡುವವರು ಗೇರ್‌ಬಾಕ್ಸ್ ಕೊಲ್ಲುವುದು ಇದರ ಮುಂದಿನ ಹಂತದಲ್ಲಿ. ಕನ್ವರ್ಟರ್ ಗೇರ್‌ಬಾಕ್ಸಿನೊಳಗೆ ಪೂರ್ತಿ ಕೂತಿರಬೇಕು. ಅದು ಒಳಗೆ ಒಂದರ ಹಿಂದೊಂದು ಎರಡು ಮೂರು ಕಡೆ ಹಲ್ಲು ಕೂಡಿಸಿಕೊಳ್ಳಬೇಕು, ಕೊನೆಯದು ಪಂಪಿನದ್ದು. ಕನ್ವರ್ಟರನ್ನು ಒಳಕ್ಕೆ ಒತ್ತುತ್ತಾ ನಿಧಾನವಾಗಿ ತಿರುಗಿಸಿ. ಒಮ್ಮೆ ಟಕ್ಕೆಂದು ಒಳಗೆ ಜಾರುತ್ತದೆ. ಆಯಿತು ಅನ್ನಿಸುತ್ತದೆ. ಆಗಿರುವುದಿಲ್ಲ. ಮತ್ತೆ ತಿರುಗಿಸಿ, ಮತ್ತೊಂದು ಟಕ್. ನನಗೆ ಕೊನೆಯ ಟಕ್ ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು. ಬೆಲ್ ಹೌಸಿಂಗಿನ ಅಂಚಿಗೆ ಒಂದು ನೇರ ಪಟ್ಟಿ ಅಡ್ಡ ಇಟ್ಟು, ಅಲ್ಲಿಂದ ಕನ್ವರ್ಟರಿನ ಬೋಲ್ಟ್ ಕೂರುವ ಜಾಗ ಎಷ್ಟು ಒಳಗಿದೆ ಅಂತ ಅಳೆಯಿರಿ. ಬಿಚ್ಚುವ ಮುಂಚೆಯೇ ಈ ಅಳತೆ ತೆಗೆದಿಟ್ಟಿದ್ದರೆ ಈಗ ಜೋಡಿಸಿ ನೋಡುವುದು ಸುಲಭ.

ಗೇರ್‌ಬಾಕ್ಸನ್ನು ಜಾಕ್ ಮೇಲೆ ಎತ್ತಿ, ಎಂಜಿನ್ನಿನ ಓರೆಗೆ ಓರೆ ಸೇರಿಸಿ, ಮುಂದಕ್ಕೆ ತಳ್ಳಿ. ಕೈಯಲ್ಲೇ ಅದು ಎಂಜಿನ್ನಿಗೆ ಅಂಟಿ ಕೂರಬೇಕು. ಒಂದು ಬೆರಳಿನಷ್ಟು ಸಂದಿ ಉಳಿದರೆ ಬೋಲ್ಟು ಹಾಕಿ ಬಿಗಿದು ಎಳೆದುಕೊಳ್ಳೋಣ ಅನ್ನುವ ಆಸೆ ಬರುತ್ತದೆ. ಬೇಡ. ಆ ಸಂದಿ ಅಂದರೆ ಕನ್ವರ್ಟರ್ ಪಂಪಿಗೆ ಕೂತಿಲ್ಲ, ಇಲ್ಲವೇ ವೈರು ಸಿಕ್ಕಿಕೊಂಡಿದೆ. ಬಿಗಿದರೆ ಪಂಪು ಪುಡಿ, ಹೊಸ ತಟ್ಟೆ ಬಾಗುತ್ತದೆ. ನಮ್ಮದು ಮೊದಲ ಸಲ ಸೇರಲಿಲ್ಲ. ಪುತ್ತೂರಿನವನು ಆಗಲೇ ಬೋಲ್ಟು ಹಿಡಿದು ನಿಂತಿದ್ದ. ಇಳಿಸಿ ನೋಡಿದರೆ ಕನ್ವರ್ಟರ್ ಎತ್ತುವಾಗ ಮುಂದಕ್ಕೆ ಜಾರಿತ್ತು. ಪಟ್ಟಿಯನ್ನು ನಾನು ಬೇಗ ಬಿಚ್ಚಿದ್ದೆ.

ಬೆಲ್ ಹೌಸಿಂಗ್ ಬಿಗಿದ ಮೇಲೆ, ಕನ್ವರ್ಟರ್ ಬೋಲ್ಟು ಹಾಕುವ ಮುಂಚೆ, ಕನ್ವರ್ಟರ್ ಕೈಯಿಂದ ಸಲೀಸಾಗಿ ತಿರುಗಬೇಕು. ಅದಕ್ಕೂ ತಟ್ಟೆಗೂ ನಡುವೆ ಸ್ವಲ್ಪ ಸಂದಿ ಇರಬೇಕು. ನನ್ನಂಥ ಹಳೇ ಅಮೆರಿಕನ್ ಗೇರ್‌ಬಾಕ್ಸುಗಳಲ್ಲಿ 3ರಿಂದ 5 ಮಿಲಿಮೀಟರ್ ಇದ್ದರೆ ಸರಿ. ಅಷ್ಟನ್ನು ಕನ್ವರ್ಟರ್ ಮುಂದೆ ಬಂದು ತುಂಬಿಕೊಳ್ಳುತ್ತದೆ. ಸಂದಿಯೇ ಇಲ್ಲದಿದ್ದರೆ ನಿಲ್ಲಿಸಿ. ಇದ್ದರೆ ಬೋಲ್ಟುಗಳನ್ನು ಎಲ್ಲ ಕೈಯಿಂದ ಸೇರಿಸಿ, ಆಮೇಲೆ ಟಾರ್ಕ್ ರೆಂಚ್. ಅಳತೆಗಿಂತ ಉದ್ದದ ಬೋಲ್ಟು ಇಲ್ಲಿ ಹಾಕಿದರೆ ಕನ್ವರ್ಟರಿನ ಮೈಯನ್ನೇ ಒಳಗಿನಿಂದ ಉಬ್ಬಿಸುತ್ತದೆ, ಹುಷಾರು.

ಮೊದಲ ಸ್ಟಾರ್ಟ್

ಗೇರ್‌ಬಾಕ್ಸಿಗೆ ಗಾಡಿಯ ಪುಸ್ತಕ ಹೇಳಿದ ಎಣ್ಣೆಯನ್ನೇ ಹಾಕಿ. ಇಳಿಸಿದ ಎಣ್ಣೆಯನ್ನು ಅಳೆದಿಟ್ಟಿದ್ದರೆ ಸುಮಾರಿಗೆ ಅಷ್ಟೇ ಮೊದಲು ಹಾಕಬಹುದು. ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಹಿಡಿದು ಪ್ರತಿ ಗೇರಿಗೂ ಒಮ್ಮೆ ಹೋಗಿ ಬನ್ನಿ. ಆಮೇಲೆ ಮಟ್ಟ ನೋಡಿ, ಬೇಕಾದಷ್ಟು ಹಾಕಿ. ಕೆಲವು ಗಾಡಿಗಳಲ್ಲಿ ಪಾರ್ಕ್‌ನಲ್ಲಿಟ್ಟು ನೋಡಬೇಕು, ಕೆಲವದರಲ್ಲಿ ನ್ಯೂಟ್ರಲ್‌ನಲ್ಲಿ. ಕೊನೆಯ ಅಳತೆ ಎಣ್ಣೆ ಬಿಸಿಯಾದ ಮೇಲೆ.

ನಾವು ಕೀ ತಿರುಗಿಸಿದಾಗ ಭಾನುವಾರ ರಾತ್ರಿ ಒಂಬತ್ತು ಆಗಿತ್ತು. ಟಕ್ ಟಕ್ ಇರಲಿಲ್ಲ. ಬದಲಿಗೆ ಕಿರ್ ಅನ್ನುವ ಇನ್ನೊಂದು ಸದ್ದು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕೆಳಗೆ ಹೋಗಿ ನೋಡಿದರೆ ಬೆಲ್ ಹೌಸಿಂಗ್ ಮುಂದಿನ ತಗಡಿನ ಅಂಚು ಬಾಗಿ ಹಲ್ಲುಗಳಿಗೆ ಉಜ್ಜುತ್ತಿತ್ತು. ಎಂಜಿನ್ ನಿಲ್ಲಿಸಿ ಇಕ್ಕಳದಲ್ಲಿ ಅದನ್ನು ಆಚೆ ಬಗ್ಗಿಸಿದೆ.

ಕೆಳಗಿನ ಮುಚ್ಚಳವನ್ನು ಆವತ್ತೇ ಹಾಕಲಿಲ್ಲ. ಎರಡು ಮೂರು ದಿನ ಸುತ್ತಮುತ್ತ ಓಡಿಸಿ, ಆ ಕಿಂಡಿಯಿಂದ ಕನ್ವರ್ಟರ್ ಬೋಲ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿ, ಎಣ್ಣೆ ಜಿನುಗಿಲ್ಲ, ಕೆಂಪು ಪುಡಿ ಬಿದ್ದಿಲ್ಲ ಅಂತ ನೋಡಿ ಆಮೇಲೆ ಹಾಕಿದೆ. ಬುಧವಾರ ಸಂಜೆಗೆ ಅದೂ ಮುಗಿಯಿತು. ಬಾಡಿಗೆ ಜಾಕನ್ನು ಎರಡು ದಿನ ತಡವಾಗಿ ಹಿಂತಿರುಗಿಸಿದ್ದಕ್ಕೆ ಹೆಚ್ಚುವರಿ ದುಡ್ಡು ಬಿತ್ತು.